ಲಾರಿಗೆ ಯೂರಿಯಾ ಉಳಿತಾಯ, ಊರಿಗೆ ವಿಷ

"ಯೂರಿಯಾ ಕಟ್ ಮಾಡ್ಸಿದೀವಿ ಸಾರ್, ತಿಂಗಳಿಗೆ ಒಳ್ಳೆ ಉಳಿತಾಯ."

ಹೆದ್ದಾರಿ ಪಕ್ಕದ ಟೀ ಅಂಗಡಿಯಲ್ಲಿ ಲಾರಿ ಮಾಲೀಕರೊಬ್ಬರು ನಮಗೆ ಹೇಳಿದ ಮಾತಿದು. ಅವರ ದನಿಯಲ್ಲಿ ಅಳುಕೇ ಇರಲಿಲ್ಲ. ನಾವು ಮಾತ್ರ ಇದನ್ನು ಕಳ್ಳತನ ಅಂತಲೇ ಕರೆಯುತ್ತೇವೆ. ಯಾಕೆ ಅಂತ ಕೇಳಿ.

2020ರ ಏಪ್ರಿಲ್ 1ರಿಂದ ಮಾರಾಟವಾಗುವ ಹೊಸ ಲಾರಿಗಳೆಲ್ಲ ಬಿಎಸ್-6. ಇವುಗಳ ಹೊಗೆ ನೇರವಾಗಿ ಹೊರಗೆ ಬರುವುದಿಲ್ಲ, ಮೂರು ಹಂತ ದಾಟಬೇಕು. ಮೊದಲ ಹಂತದಲ್ಲಿ ಕಾರ್ಬನ್ ಮಾನಾಕ್ಸೈಡ್ ಮತ್ತು ಪೂರ್ತಿ ಉರಿಯದ ಡೀಸೆಲ್ ಆವಿ ಸುಟ್ಟುಹೋಗುತ್ತವೆ. ಎರಡನೆಯದು ಜೇನುಗೂಡಿನಂಥ ಜರಡಿ. ಮಸಿ ಅಲ್ಲಿ ಸಿಕ್ಕಿಕೊಳ್ಳುತ್ತದೆ, ಜರಡಿ ತುಂಬಿದಾಗ ಶಾಖ ಏರಿಸಿ ಅದನ್ನು ಸುಡಲಾಗುತ್ತದೆ.

ಮೂರನೆಯದೇ ಯೂರಿಯಾ ಕೆಲಸ. ನೀಲಿ ಮುಚ್ಚಳದ ಟ್ಯಾಂಕಿನ ದ್ರಾವಣದಲ್ಲಿ ನೂರಕ್ಕೆ 32.5 ಭಾಗ ಶುದ್ಧ ಯೂರಿಯಾ, ಉಳಿದದ್ದು ಲವಣ ತೆಗೆದ ನೀರು. ಇದು ಸೊಸೈಟಿಯಲ್ಲಿ ಕ್ಯೂ ನಿಂತು ತರುವ ಬೇವು ಲೇಪಿತ ಯೂರಿಯಾ ಅಲ್ಲ, ಅದನ್ನು ಕಲಸಿ ಹಾಕಿದರೆ ಯಂತ್ರವೇ ಕೆಡುತ್ತದೆ. ಬಿಸಿ ಹೊಗೆಗೆ ದ್ರಾವಣ ಸಿಂಪಡಿಸಿದಾಗ ಅಮೋನಿಯಾ ಹುಟ್ಟುತ್ತದೆ. ಅದು ವಿಷಕಾರಿ ನೈಟ್ರೋಜನ್ ಆಕ್ಸೈಡನ್ನು ಬರೀ ಸಾರಜನಕ ಮತ್ತು ನೀರಾವಿಯಾಗಿ ಬದಲಿಸುತ್ತದೆ. ಎಂಜಿನ್ ಒಂದು ಯೂನಿಟ್ ಶಕ್ತಿ ಕೊಡುವಾಗ ಬಿಎಸ್-4 ಲಾರಿ 3.5 ಗ್ರಾಂ ನೈಟ್ರೋಜನ್ ಆಕ್ಸೈಡ್ ಬಿಡಬಹುದಿತ್ತು. ಬಿಎಸ್-6ರಲ್ಲಿ ಆ ಮಿತಿ 0.4 ಗ್ರಾಂ.

ಟ್ಯಾಂಕ್ ಖಾಲಿಯಾದರೆ ಲಾರಿ ಎಳೆಯುವ ಶಕ್ತಿ ತಾನೇ ಕುಗ್ಗುತ್ತದೆ. ಅದಕ್ಕೇ ಒಂದು ಚಿಕ್ಕ ಡಬ್ಬಿ ಕೂರಿಸಿ, ಎಲ್ಲ ಸರಿಯಿದೆ ಅಂತ ಲಾರಿಯ ಕಂಪ್ಯೂಟರ್‌ಗೆ ಸುಳ್ಳು ಹೇಳಿಸುತ್ತಾರೆ. ಇದೇ "ಕಟ್ ಮಾಡ್ಸೋದು".

"ಕಪ್ಪು ಹೊಗೆ ಬರಲ್ಲವಲ್ಲ, ಏನು ತೊಂದರೆ?" ಎನ್ನುತ್ತಾರೆ. ಮೋಸ ಇರುವುದೇ ಅಲ್ಲಿ. ಮಸಿ ಕಣ್ಣಿಗೆ ಕಾಣುತ್ತದೆ, ಈ ಅನಿಲ ಕಾಣುವುದಿಲ್ಲ. ಇದರಿಂದ ಉಬ್ಬಸ ಕೆರಳುತ್ತದೆ. ಬಿಸಿಲಿಗೆ ಇದೇ ಅನಿಲದಿಂದ ಓಝೋನ್ ಹುಟ್ಟಿ ಬೆಳೆಯ ಇಳುವರಿಗೂ ಪೆಟ್ಟು ಕೊಡುತ್ತದೆ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಹೇಳಿದೆ.

ಎಮಿಷನ್ ಟೆಸ್ಟ್ ಇದೆಯಲ್ಲ ಅಂದಿರಾ? ಆ ಕೇಂದ್ರದಲ್ಲಿ ಡೀಸೆಲ್ ಗಾಡಿಗೆ ನೋಡುವುದು ಹೊಗೆ ಎಷ್ಟು ದಟ್ಟ ಎಂಬುದನ್ನು ಮಾತ್ರ. ನೈಟ್ರೋಜನ್ ಆಕ್ಸೈಡ್ ಅಳೆಯುವುದೇ ಇಲ್ಲ. ಯೂರಿಯಾ ಕಟ್ ಮಾಡಿದ ಲಾರಿಯೂ ಸರ್ಟಿಫಿಕೇಟ್ ಹಿಡಿದು ಹೊರಡಬಹುದು!

ಬಾಡಿಗೆ ಸಾಲದು, ಟೋಲ್ ಜಾಸ್ತಿ, ಕಂತು ಕಟ್ಟಬೇಕು ಎಂಬ ಮಾಲೀಕರ ಗೋಳು ಸುಳ್ಳಲ್ಲ. ಚಾಲಕನಂತೂ ಹೇಳಿದ ಗಾಡಿ ಓಡಿಸುವವನು, ಅವನ ಮೇಲೆ ನಮಗೆ ಸಿಟ್ಟಿಲ್ಲ. ಆದರೆ ನೂರು ಲೀಟರ್ ಡೀಸೆಲ್‌ಗೆ ಬೇಕಾಗುವುದು ಸುಮಾರು ನಾಲ್ಕೈದು ಲೀಟರ್ ದ್ರಾವಣ. ಅದರ ಖರ್ಚನ್ನು ಸರಕು ಕಳಿಸುವವರು ಬಾಡಿಗೆಯಲ್ಲಿ ಸೇರಿಸಿ ಕೊಡಲಿ. ಸಂಡೂರಿನ ಅದಿರು ರಸ್ತೆಯ ಪಕ್ಕದ ಮನೆಯವರು, ಕ್ವಾರಿ ದಾರಿಯಲ್ಲಿ ಶಾಲೆಗೆ ನಡೆಯುವ ಮಕ್ಕಳು ಅದನ್ನು ಶ್ವಾಸಕೋಶದಿಂದ ಯಾಕೆ ಕಟ್ಟಬೇಕು?

ಮಾಲಿನ್ಯ ನಿಯಮ ಮುರಿದರೆ ಮೋಟಾರು ವಾಹನ ಕಾಯ್ದೆಯ 190ನೇ ಸೆಕ್ಷನ್‌ನಲ್ಲಿ ಮೂರು ತಿಂಗಳವರೆಗೆ ಜೈಲು, 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಇವೆ. ಕಾನೂನಿದೆ, ತಪಾಸಣೆ ಬೇಕು. ಆರ್‌ಟಿಒ ಸಿಬ್ಬಂದಿ ರಸ್ತೆಯಲ್ಲೇ ಲಾರಿಯ ಕಂಪ್ಯೂಟರ್ ಪರೀಕ್ಷಿಸಲಿ, ಡಬ್ಬಿ ಕೂರಿಸುವ ಗ್ಯಾರೇಜುಗಳ ಮೇಲೂ ಕೇಸು ಹಾಕಲಿ.

ನಿಮ್ಮೂರ ಮೇಲೆ ಟಿಪ್ಪರ್ ಓಡುತ್ತಿದ್ದರೆ ಮುಂದಿನ ಗ್ರಾಮಸಭೆಯಲ್ಲಿ ಈ ಮಾತು ಎತ್ತಿ. ಠರಾವು ಬರೆಸಿ, ಆರ್‌ಟಿಒ ಕಚೇರಿಗೆ ಕಳಿಸಿ, ಸ್ವೀಕೃತಿ ಇಟ್ಟುಕೊಳ್ಳಿ. ಉತ್ತರ ಬರದಿದ್ದರೆ ನಮಗೆ ತಿಳಿಸಿ. ಬರೆಯಲು ನಾವಿದ್ದೇವೆ.