ದಂಡವೋ, ನ್ಯಾಯಾಲಯವೋ?

ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದ ಮೇಲೆ ಅಲ್ಲಿನ ಸಾವಿರಾರು ಸಂಸಾರಗಳ ಬದುಕು ರೈಲಿನ ವೇಳಾಪಟ್ಟಿಗೆ ಕಟ್ಟುಬಿದ್ದಿತು. ನಸುಕಿನಲ್ಲಿ ಎದ್ದು ಬೆಂಗಳೂರಿಗೆ ದುಡಿಯಲು ಹೋಗುವುದು, ರಾತ್ರಿ ಹಿಂದಿರುಗುವುದು ಅವರ ನಿತ್ಯಕರ್ಮವಾಯಿತು. ಮಾರಿಕುಪ್ಪಂ ಕಡೆಯಿಂದ ಬರುವ ಗಾಡಿ ಕೈತಪ್ಪಿದವರು ಬಂಗಾರಪೇಟೆಯ ಜಂಕ್ಷನ್ನಿಗೆ ಧಾವಿಸುತ್ತಾರೆ. ಹಾಗೆ ಧಾವಿಸುವವರನ್ನು ರಾಬರ್ಟ್‌ಸನ್‌ಪೇಟೆಯಿಂದ ಕರೆದೊಯ್ಯುವ ಬಾಡಿಗೆ ವ್ಯಾನಿನ ಚಾಲಕನೊಬ್ಬನನ್ನು ಊಹಿಸಿಕೊಳ್ಳಬಹುದು. ಆ ದಾರಿಯಲ್ಲಿ ಗಂಟೆಗೆ 60 ಕಿ.ಮೀ. ಮಿತಿಯ ಫಲಕವಿದೆ ಎಂದೂ, ಅವನ ವ್ಯಾನು 80ರ ವೇಗದಲ್ಲಿ ಹೋಯಿತೆಂದು ಒಂದು ದಿನ ಅವನಿಗೆ ನೋಟೀಸು ಬಂದಿತೆಂದೂ ಭಾವಿಸೋಣ.

ನೋಟೀಸು ಕೈಗೆ ಬಂದೊಡನೆ ಸಲಹೆಗಾರರಿಗೆ ಬರವಿಲ್ಲ. "ದಂಡ ಕಟ್ಟಿ ಕೈತೊಳೆದುಕೋ ಮಾರಾಯ, ಕೋರ್ಟಿಗೆ ಅಲೆದರೆ ಎರಡು ದಿನದ ಬಾಡಿಗೆ ಹೋಗುತ್ತದೆ" ಎನ್ನುತ್ತಾನೆ ಒಬ್ಬ. "ಕಟ್ಟಬೇಡ, ಕೋರ್ಟಿಗೆ ಹೋಗು, ಸಾಕ್ಷಿ ತರುವುದು ಅವರಿಂದಾಗುವುದಿಲ್ಲ" ಎನ್ನುತ್ತಾನೆ ಇನ್ನೊಬ್ಬ. ಮೊದಲನೆಯವನು ಲೆಕ್ಕ ಹೇಳಿದ, ಎರಡನೆಯವನು ಉಪಾಯ ಹೇಳಿದ. ವ್ಯಾನು ನಿಜವಾಗಿ 80ರಲ್ಲಿ ಹೋಯಿತೇ ಎಂದು ಇಬ್ಬರೂ ಕೇಳಲಿಲ್ಲ. ಮೊದಲು ಕೇಳಬೇಕಾಗಿದ್ದುದು ಅದನ್ನೇ. ಆ ಪ್ರಶ್ನೆಗೆ ಉತ್ತರ ಬಲ್ಲವನು ವೇಗಸೂಚಿಯ ಮುಳ್ಳಿನ ಮುಂದೆ ಕುಳಿತಿದ್ದ ಚಾಲಕನೇ.

ಅವನಿಗೆ ತಾನು ತಪ್ಪಿದೆನೆಂದು ತಿಳಿದಿದ್ದರೆ ನ್ಯಾಯಾಲಯದ ಮೆಟ್ಟಿಲು ಹತ್ತುವುದು ಸರಿಯಲ್ಲ. ಆ ವೇಗದಿಂದ ದೊರೆತ ಲಾಭವಾದರೂ ಎಷ್ಟು? ಹನ್ನೆರಡು ಕಿ.ಮೀ. ದಾರಿಯನ್ನು 60ರ ವೇಗದಲ್ಲಿ ಕ್ರಮಿಸಲು 12 ನಿಮಿಷ ಬೇಕು, 80ರಲ್ಲಿ 9 ನಿಮಿಷ. ಉಳಿದದ್ದು ಮೂರೇ ನಿಮಿಷ. ಆದರೆ ಬ್ರೇಕು ಹಿಡಿದ ಮೇಲೆ ಗಾಡಿ ಜಾರುವ ದೂರವು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. 60ರಿಂದ 80ಕ್ಕೆ ಏರಿದರೆ ಆ ದೂರ ಹೆಚ್ಚುಕಡಮೆ ಒಂದೂ ಮುಕ್ಕಾಲು ಪಟ್ಟಾಗುತ್ತದೆ. ಗಣಿಯೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂರು ಕಿ.ಮೀ.ಗೂ ಮಿಕ್ಕ ಆಳಕ್ಕೆ ಮನುಷ್ಯರನ್ನು ಇಳಿಸುತ್ತಿದ್ದ ಊರು ಅದು. ಮೇಲೆ ಯಂತ್ರದ ಬಳಿ ಕುಳಿತವನ ಸಂಯಮವನ್ನು ನಂಬಿಯೇ ಕೆಳಗಿನವರು ತೊಟ್ಟಿಲಿನಲ್ಲಿ ನಿಲ್ಲುತ್ತಿದ್ದರು.

ಇನ್ನು, ಅವನು ಮಿತಿಯೊಳಗೇ ಇದ್ದನೆಂದು ಭಾವಿಸಿದರೆ? ವೇಗ ಅಳೆಯುವ ಯಂತ್ರವೂ ಮನುಷ್ಯನು ಮಾಡಿದ್ದೇ, ಮನುಷ್ಯನು ಹಿಡಿದದ್ದೇ. ರೇಡಾರ್ ಯಂತ್ರವು ಅಲೆಗಳನ್ನು ಬಿಟ್ಟು, ಓಡುವ ವಾಹನಕ್ಕೆ ತಗುಲಿ ಹಿಂದಿರುಗುವ ಅಲೆಗಳಲ್ಲಿ ಆದ ಬದಲಾವಣೆಯಿಂದ ವೇಗವನ್ನು ಎಣಿಸುತ್ತದೆ. ಯಂತ್ರವು ರಸ್ತೆಗೆ ಓರೆಯಾಗಿ ನಿಂತಿದ್ದರೆ ಅದು ತೋರಿಸುವ ವೇಗ ನಿಜಕ್ಕಿಂತ ಕಡಮೆಯೇ ಆಗುತ್ತದೆ. ಅಲ್ಲಿ ನಷ್ಟ ಚಾಲಕನದಲ್ಲ. ಆದರೆ ಎರಡು ವಾಹನಗಳು ಒತ್ತೊತ್ತಾಗಿ ಬಂದಾಗ ಹಿಂದಿರುಗಿದ ಅಲೆ ಯಾವುದರದೆಂಬ ಸಂದೇಹಕ್ಕೆ ಎಡೆಯುಂಟು.

ಕಾಯಿದೆಯು ಈ ಸಂದೇಹವನ್ನು ಅಲಕ್ಷಿಸಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 183ನೆಯ ಕಲಮಿನ ಪ್ರಕಾರ, ವಾಹನ ವೇಗವಾಗಿ ಹೋದಂತೆ ತನಗೆ ತೋರಿತೆಂದು ಒಬ್ಬನೇ ಸಾಕ್ಷಿ ಹೇಳಿದರೆ ಸಾಲದು. ಯಂತ್ರದಿಂದ ದೊರೆತ ಅಳತೆಯ ಆಧಾರವಿಲ್ಲದೆ ಅವನ ಅಭಿಪ್ರಾಯವೊಂದರ ಮೇಲೆಯೇ ಶಿಕ್ಷೆ ವಿಧಿಸುವಂತಿಲ್ಲ. ವಿದ್ಯುನ್ಮಾನ ಉಪಕರಣಗಳ ಬಗ್ಗೆ 2021ರಲ್ಲಿ ಬಂದ ನಿಯಮವು ಇನ್ನಷ್ಟು ಬಿಗಿಯಾಗಿದೆ. ಉಪಕರಣಕ್ಕೆ ವರ್ಷವರ್ಷವೂ ನವೀಕರಿಸಿದ ಒಪ್ಪಿಗೆಯ ಪ್ರಮಾಣಪತ್ರ ಇರಬೇಕು. ಅಂತಹ ಸ್ಥಳದಲ್ಲಿ ಎಚ್ಚರಿಕೆಯ ಫಲಕ ಕಾಣುವಂತಿರಬೇಕು. ನೋಟೀಸು ಹದಿನೈದು ದಿನಗಳೊಳಗೆ ಹೊರಡಬೇಕು, ಅದರೊಡನೆ ಚಿತ್ರವೂ ಅಳತೆಯೂ ಸ್ಥಳ, ದಿನ, ವೇಳೆಗಳೂ ಇರಬೇಕು. ತಪ್ಪಿಲ್ಲವೆಂದು ಬಲ್ಲ ಚಾಲಕನು ಇವನ್ನು ಕೇಳಿದರೆ ಅದು ಉದ್ಧಟತನವಲ್ಲ. ಆರೋಪವನ್ನು ಸಾಧಿಸುವ ಹೊಣೆ ಆರೋಪಿಸಿದವರ ಮೇಲೆಯೇ ಇದೆ.

ತೊಡಕಿರುವುದು ಬೇರೆ ಕಡೆ. 2019ರ ತಿದ್ದುಪಡಿಯ ಪ್ರಕಾರ ಅತಿವೇಗಕ್ಕೆ ಲಘು ವಾಹನಗಳ ದಂಡ 1000 ರೂಪಾಯಿಯಿಂದ 2000 ರೂಪಾಯಿಯವರೆಗೆ. ದಿನಗೂಲಿಯವನಿಗೆ ಅದು ದೊಡ್ಡ ಮೊತ್ತ. ಆದರೆ ವಿಚಾರಣೆಯ ದಿನಗಳಲ್ಲಿ ತಪ್ಪಿಹೋಗುವ ದುಡಿಮೆ, ವಕೀಲರ ಶುಲ್ಕ ಇವು ಅದಕ್ಕಿಂತ ದೊಡ್ಡವು. ಹೀಗಾಗಿ ನಿರಪರಾಧಿಯೂ ತಲೆತಗ್ಗಿಸಿ ಹಣ ಕಟ್ಟಿದರೆ ಅವನನ್ನು ಹೇಡಿಯೆಂದು ಜರೆಯುವುದು ಅನ್ಯಾಯ. ನಾಚಬೇಕಾದುದು ಅಷ್ಟು ದುಬಾರಿಯಾದ ವ್ಯವಸ್ಥೆ.

2023ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ಬಾಕಿಯಿದ್ದ ಸಂಚಾರ ದಂಡಗಳ ಮೇಲೆ ಶೇಕಡ 50ರಷ್ಟು ರಿಯಾಯಿತಿ ಸಾರಲಾಯಿತು. ಜನರು ಮುಗಿಬಿದ್ದು ಹಣ ಕಟ್ಟಿದರು. ಅನಂತರವೂ ಇಂತಹ ರಿಯಾಯಿತಿಗಳು ಬಂದವು. ಬಾಕಿ ವಸೂಲಾಯಿತು, ಕಡತಗಳು ಕರಗಿದವು. ಅದು ಉಪಕಾರವೇ ಸರಿ. ಆದರೆ ಅರ್ಧ ಬೆಲೆಗೆ ಸಿಕ್ಕುವ ಬಟ್ಟೆಯಂತೆ ದಂಡವೂ ಆದರೆ, ಅಪರಾಧಿಯೂ ನಿರಪರಾಧಿಯೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಸಕಾಲಕ್ಕೆ ಪೂರ್ತಿ ಕಟ್ಟಿದ ಪ್ರಾಮಾಣಿಕನೊಬ್ಬನೇ ಪೆಚ್ಚಾಗುತ್ತಾನೆ! ಅರ್ಧ ದಂಡಕ್ಕಿಂತ ಅರ್ಧ ದಿನದಲ್ಲಿ ಮುಗಿಯುವ ವಿಚಾರಣೆ ಹೆಚ್ಚಿನ ಕೊಡುಗೆಯಾಗುತ್ತಿತ್ತು. ಸಂಜೆಯ ವೇಳೆ, ಊರಿನಲ್ಲೇ, ವಕೀಲರಿಲ್ಲದೆ ತನ್ನ ಮಾತು ಹೇಳಿಕೊಳ್ಳುವ ಅವಕಾಶವಿದ್ದರೆ ಆ ಚಾಲಕನು ಬಾಡಿಗೆ ಕಳೆದುಕೊಳ್ಳುವ ಅಂಜಿಕೆಯಿಂದ ಸುಳ್ಳನ್ನು ಒಪ್ಪಿಕೊಳ್ಳಬೇಕಾಗುತ್ತಿರಲಿಲ್ಲ. ತಪ್ಪಿದ್ದವನು ಸಾಕ್ಷಿ ಬಾರದಿರಲೆಂದು ಕಾಲ ತಳ್ಳಲೂ ಆಗುತ್ತಿರಲಿಲ್ಲ.

ಸದ್ಯಕ್ಕೆ ಅವನು ನೋಟೀಸನ್ನು ಮಡಿಸಿ ಜೇಬಿಗಿಟ್ಟುಕೊಂಡು ವ್ಯಾನು ಹತ್ತುತ್ತಾನೆ. ಅಂದು ಅವನ ಹಿಂದೆ ಕುಳಿತಿದ್ದವರಲ್ಲಿ ಯಾರೂ ಆ ದಂಡದಲ್ಲಿ ಪಾಲು ಕೊಡಲು ಮುಂದಾಗಿಲ್ಲ. "ಬೇಗ ಬಿಡಪ್ಪ, ರೈಲು ಹೊರಟುಹೋಗುತ್ತದೆ" ಎಂದು ಇಂದು ಬೆಳಗ್ಗೆಯೂ ಕೂಗುತ್ತಿರುವವರು ಅವರೇ.