ಯಾರಿಗೂ ನಷ್ಟವಾಗಿಲ್ಲವಂತೆ!

"ಆದರೆ ಆಂಟಿ, ಯಾರಿಗೆ ನಷ್ಟವಾಯಿತು ಹೇಳಿ?"

ಕೇಳಿದವನು ನನ್ನ ಅಳಿಯನ ಗೆಳೆಯ. ನಮ್ಮ ಕಡೆಯ ಹುಡುಗನೇ. 2023ರ ಅಕ್ಟೋಬರ್ ತಿಂಗಳು. ಮಗಳ ಬಾಣಂತನಕ್ಕೆಂದು ಹೋದ ನಾನು ಅಮೆರಿಕದ ಮಿಶಿಗನ್ ರಾಜ್ಯದ ಕ್ಯಾಂಟನ್ ಎಂಬ ಊರಿನಲ್ಲಿದ್ದೆ. ಡೆಟ್ರಾಯಿಟ್ ನಗರದ ಪಶ್ಚಿಮಕ್ಕಿರುವ ಊರು, ಸುತ್ತಲೂ ಕಾರು ಕಾರ್ಖಾನೆಗಳ ಸೀಮೆ. ಭಾನುವಾರ ಮಧ್ಯಾಹ್ನ ನಾಲ್ಕು ಜನ ಗೆಳೆಯರು ಊಟಕ್ಕೆ ಬಂದಿದ್ದರು. ಟಿವಿಯಲ್ಲಿ ಡೊನಾಲ್ಡ್ ಟ್ರಂಪ್ ನ್ಯೂಯಾರ್ಕಿನ ಕೋರ್ಟಿನ ಪಡಸಾಲೆಯಲ್ಲಿ ನಿಂತು, ಇದೆಲ್ಲ ರಾಜಕೀಯ ದ್ವೇಷ ಎಂದು ಗುಡುಗುತ್ತಿದ್ದರು. ಹಪ್ಪಳ ಮುರಿಯುತ್ತಾ ಆ ಹುಡುಗ ತೀರ್ಪು ಕೊಟ್ಟೇಬಿಟ್ಟ: "ಬ್ಯಾಂಕಿನಿಂದ ಸಾಲ ತಗೊಂಡ, ಬಡ್ಡಿ ಸಮೇತ ತೀರಿಸಿದ. ಬ್ಯಾಂಕಿಗೂ ಲಾಭ, ಅವನಿಗೂ ಲಾಭ. ಮತ್ತೆ ಇದೆಂಥಾ ಕೇಸು?"

ನಾನು ಅನ್ನ ಬಡಿಸುವುದನ್ನು ನಿಲ್ಲಿಸಿದೆ. ಯಾಕೆಂದರೆ ಈ ವಿಷಯದಲ್ಲಿ ನಾನು ಏನೂ ತಿಳಿಯದವಳಲ್ಲ. ಇಪ್ಪತ್ತೆಂಟು ವರ್ಷ ನಮ್ಮೂರ ಸೊಸೈಟಿಯಲ್ಲಿ ಆಭರಣ ಸಾಲದ ಮೇಜಿನ ಹಿಂದೆ ಕೂತವಳು.

ಆ ಮೇಜಿನ ಮುಂದೆ ಬಂದು ನಿಲ್ಲುವವರು ಹೆಚ್ಚಾಗಿ ಹೆಂಗಸರೇ. ಮಗನ ಫೀಸು, ಗಂಡನ ಆಪರೇಷನ್ನು, ಮಳೆಗಾಲಕ್ಕೆ ಮುಂಚೆ ಮಾಡಿನ ರಿಪೇರಿ. ಸೆರಗಿನೊಳಗಿಂದ ಕರವಸ್ತ್ರದ ಗಂಟು ತೆಗೆದು ಬಿಚ್ಚುತ್ತಾರೆ. ಸರಾಫರು ಒರೆಗಲ್ಲಿಗೆ ತಿಕ್ಕಿ ನೋಡುತ್ತಾರೆ. ಕರಿಮಣಿಯ ತೂಕ ಕಳೆ, ಕಲ್ಲಿನ ತೂಕ ಕಳೆ, ಒಳಗೆ ತುಂಬಿದ ಅರಗು ಕಳೆ. ಐದು ಪವನು ಎಂದು ಜೀವಮಾನವಿಡೀ ನಂಬಿಕೊಂಡಿದ್ದ ಸರ ಮೂರೂವರೆಗೆ ಇಳಿಯುತ್ತದೆ. ಆಗ ಆ ಹೆಂಗಸಿನ ಮುಖ ನೋಡಬೇಕು! ಸುಳ್ಳು ಹೇಳಿ ಸಿಕ್ಕಿಬಿದ್ದವಳ ಹಾಗೆ ತಲೆ ತಗ್ಗಿಸುತ್ತಾಳೆ. ಸುಳ್ಳು ಹೇಳಿದ್ದು ಅವಳಲ್ಲ, ಎಂದೋ ಸತ್ತ ಅಕ್ಕಸಾಲಿಗ. ಆದರೂ ನಾಚಿಕೆ ಮಾತ್ರ ಅವಳದ್ದು.

"ಅಲ್ಲಪ್ಪಾ, ಒಬ್ಬಳು ಹಿತ್ತಾಳೆ ಬಳೆಗೆ ಚಿನ್ನದ ನೀರು ಕೊಡಿಸಿ ನನ್ನ ಮೇಜಿಗೆ ತಂದಿಟ್ಟು ಸಾಲ ತಗೊಂಡಳು ಅನ್ನು. ಗಡುವಿಗೆ ಸರಿಯಾಗಿ ಕಂತು ಕಟ್ಟಿದಳು ಅನ್ನು. ಹಿತ್ತಾಳೆ ಚಿನ್ನವಾಯಿತೇ?" ಎಂದೆ.

ಹುಡುಗರು ನಕ್ಕರು. ಆಂಟಿ ಪಾಯಿಂಟು ಹಾಕಿದರು ಎಂದರು. ಮಾತು ಬೇರೆ ಕಡೆ ಹರಿಯಿತು. ಆತ ಹೊಸದಾಗಿ ಕೊಂಡ ಮನೆಯ ಕಷ್ಟ ಹೇಳತೊಡಗಿದ. ಬಡ್ಡಿ ಆಗ ಶೇಕಡಾ ಎಂಟರ ಹತ್ತಿರ ಹೋಗಿತ್ತು. ಅದರ ಮೇಲೆ ಬ್ಯಾಂಕು ಕಳಿಸಿದ ಅಳತೆಯವನು ನೆಲಮಾಳಿಗೆಯನ್ನು ಮನೆಯ ಅಳತೆಗೆ ಸೇರಿಸಲೇ ಇಲ್ಲವಂತೆ. "ಒಂದೊಂದು ಅಡಿಗೂ ಲೆಕ್ಕ ಆಂಟಿ, ಸುಮ್ಮನೆ ಬಿಡೋದಿಲ್ಲ ಇವರು" ಎಂದು ಅಲವತ್ತುಕೊಂಡ. ಆ ಮಾತನ್ನು ನಾನು ನೆನಪಿಟ್ಟುಕೊಂಡೆ.

ಅಡಿಯ ಲೆಕ್ಕವನ್ನೇ ನೋಡೋಣ. ನ್ಯೂಯಾರ್ಕಿನ ಐದನೇ ಅವೆನ್ಯೂದಲ್ಲಿರುವ ಟ್ರಂಪ್ ಟವರಿನ ತುದಿಯಲ್ಲಿ ಅವರ ಮೂರಂತಸ್ತಿನ ಸ್ವಂತ ಮನೆ ಇದೆ. ಅದರ ವಿಸ್ತಾರ 10,996 ಚದರಡಿ. 1994ರಲ್ಲಿ ಅವರೇ ಸಹಿ ಮಾಡಿದ ಕಾಗದದಲ್ಲಿ ಹಾಗೆಂದಿದೆ. ಆದರೆ 2012ರಿಂದ 2016ರವರೆಗೆ ಬ್ಯಾಂಕುಗಳಿಗೆ ಕೊಟ್ಟ ಆಸ್ತಿ ಪಟ್ಟಿಯಲ್ಲಿ ಅದು 30,000 ಚದರಡಿ! ನಮ್ಮ ಮೂವತ್ತು-ನಲವತ್ತರ ಸೈಟಿನ ಲೆಕ್ಕ ಹಾಕಿ: ಒಂಬತ್ತು ಸೈಟಿನಷ್ಟು ಮನೆ ಕಾಗದದ ಮೇಲೆ ಇಪ್ಪತ್ತೈದು ಸೈಟಿನಷ್ಟಾಯಿತು. 2015ರ ಪಟ್ಟಿಯಲ್ಲಿ ಇದರ ಬೆಲೆ 32.7 ಕೋಟಿ ಡಾಲರ್. ಫ್ಲಾರಿಡಾದ ಮಾರಲಾಗೊ ಬಂಗಲೆಯದು ಇನ್ನೊಂದು ಕತೆ. ಅದನ್ನು ಕ್ಲಬ್ಬಾಗಿಯೇ ಬಳಸುತ್ತೇವೆಂದು ಬರೆದುಕೊಟ್ಟಾಗಿತ್ತು, ಅದರಿಂದ ತೆರಿಗೆಯೂ ಕಡಿಮೆ. ತೆರಿಗೆಯವರ ಲೆಕ್ಕದಲ್ಲಿ 2.76 ಕೋಟಿ ಡಾಲರ್ ಮೀರದ ಜಾಗಕ್ಕೆ ಬ್ಯಾಂಕಿನ ಪಟ್ಟಿಯಲ್ಲಿ 61 ಕೋಟಿಯವರೆಗೂ ಬೆಲೆ. ತೆರಿಗೆಯ ಬೆಲೆ ಬೇರೆ, ಪೇಟೆಯ ಬೆಲೆ ಬೇರೆ ಎಂದು ಅವರ ವಕೀಲರು ವಾದಿಸಿದರು. ಬೇರೆಯೇ, ಒಪ್ಪೋಣ. ಆದರೆ ಮನೆಯ ಅಡಿಗಳಿಗೂ ಎರಡು ಪೇಟೆ ಇರುತ್ತದೆಯೇ?

ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಲೆಟಿಷಿಯಾ ಜೇಮ್ಸ್ ಎಂಬ ಹೆಣ್ಣುಮಗಳು 2022ರ ಸೆಪ್ಟೆಂಬರಿನಲ್ಲಿ ಹೂಡಿದ ಸಿವಿಲ್ ದಾವೆ ಇದು. ಯಾರನ್ನೂ ಜೈಲಿಗೆ ಹಾಕುವ ಕೇಸಲ್ಲ. ವ್ಯಾಪಾರದಲ್ಲಿ ಪದೇಪದೇ ಮೋಸ ನಡೆದರೆ, ಇಂಥವರಿಗೆ ಇಷ್ಟು ನಷ್ಟವಾಯಿತು ಎಂದು ತೋರಿಸದೆಯೂ ರಾಜ್ಯವೇ ಕೋರ್ಟಿಗೆ ಹೋಗಬಹುದೆಂಬ ಕಾನೂನು ಅಲ್ಲಿ 1956ರಿಂದ ಇದೆ. ನನಗಂತೂ ಇದು ಸರಿಯೆನಿಸುತ್ತದೆ. ತಕ್ಕಡಿಯ ಕೆಳಗೆ ಅಯಸ್ಕಾಂತ ಅಂಟಿಸಿದವನನ್ನು ಹಿಡಿಯಲು, ಯಾವ ಗಿರಾಕಿಗೆ ಎಷ್ಟು ಗ್ರಾಂ ಸಕ್ಕರೆ ಕಡಿಮೆಯಾಯಿತೆಂದು ಲೆಕ್ಕ ಕೊಡಬೇಕೇ?

ನಷ್ಟದ ಮಾತಿಗೆ ಬರೋಣ. ಪಟ್ಟಿ ಉಬ್ಬಿದ್ದರಿಂದ ಸಾಲಕ್ಕೆ ಬಡ್ಡಿ ಇಳಿಯಿತು. ಹಾಗೆ ಉಳಿದ ಬಡ್ಡಿಯೇ 16.8 ಕೋಟಿ ಡಾಲರ್ ಎಂದು ನ್ಯಾಯಾಧೀಶ ಆರ್ಥರ್ ಎಂಗೊರೋನ್ ಲೆಕ್ಕ ಹಿಡಿದರು. ಬ್ಯಾಂಕಿನವರು ಸಾಕ್ಷಿಕಟ್ಟೆಯಲ್ಲಿ ನಿಂತು, ನಾವೇ ಬೇರೆ ವಿಚಾರಣೆ ಮಾಡಿಕೊಂಡಿದ್ದೆವು, ಗಿರಾಕಿ ಒಳ್ಳೆಯವರು ಎಂದರು. ಅನ್ನುತ್ತಾರೆ! ನನ್ನ ಮೇಜಿನಲ್ಲೂ ದೊಡ್ಡ ಗಿರಾಕಿ ಬಂದರೆ ಮ್ಯಾನೇಜರರು ತಾವೇ ಎದ್ದು ಬಂದು ಕುರ್ಚಿ ಹಾಕಿಸುತ್ತಿದ್ದರು. ಸರಾಫರ ಒರೆಗಲ್ಲು ಅಂದು ಡ್ರಾಯರಿನಲ್ಲೇ ಉಳಿಯುತ್ತಿತ್ತು.

ಇದಿಷ್ಟೇ ಆಗಿದ್ದರೆ ನಾನು ಬರೆಯಲು ಕೂರುತ್ತಿರಲಿಲ್ಲ. ಆ ತಿಂಗಳು ಇನ್ನೊಂದನ್ನೂ ಕಣ್ಣಾರೆ ಕಂಡೆ.

ಮಗುವನ್ನು ಡಾಕ್ಟರಿಗೆ ತೋರಿಸಲು ಹೋಗುವಾಗ ವೇಯ್ನ್ ಎಂಬ ಪಕ್ಕದ ಊರು ಸಿಗುತ್ತದೆ. ಅಲ್ಲಿಯ ಕಾರು ಕಾರ್ಖಾನೆಯ ಗೇಟಿನ ಮುಂದೆ ಹಗಲೂ ರಾತ್ರಿ ಜನ ನಿಂತಿದ್ದರು. ಕೆಂಪು ಅಂಗಿ, ಕೈಯಲ್ಲಿ ಫಲಕ, ಚಳಿಗೆ ಡ್ರಮ್ಮಿನಲ್ಲಿ ಸೌದೆಯ ಬೆಂಕಿ. ಮೋಟಾರು ಕಾರ್ಮಿಕರ ಯೂನಿಯನ್ನು ಫೋರ್ಡ್, ಜನರಲ್ ಮೋಟಾರ್ಸ್, ಸ್ಟೆಲಾಂಟಿಸ್ ಮೂರರ ವಿರುದ್ಧವೂ ಸೆಪ್ಟೆಂಬರ್ 15ರಿಂದ ಮುಷ್ಕರ ಹೂಡಿತ್ತು. ಹಾದುಹೋಗುವ ಕಾರುಗಳೆಲ್ಲ ಹಾರನ್ ಹೊಡೆದು ಬೆಂಬಲ ಸೂಚಿಸುತ್ತಿದ್ದವು. ನಮ್ಮ ಕಾರು ಮಾತ್ರ ಸುಮ್ಮನೆ ಸಾಗುತ್ತಿತ್ತು. ಅಳಿಯ ಹೇಳಿದ್ದು: "ಗಂಟೆಗೆ 32 ಡಾಲರು ಸಂಬಳ ಇವರಿಗೆ, ಇನ್ನೂ ಸಾಲದಂತೆ." ಭಾನುವಾರದ ಊಟದಲ್ಲೂ ಎಲ್ಲರದೂ ಅದೇ ರಾಗ. ನಮ್ಮವರ ಲೆಕ್ಕವೇ ಹೀಗೆ. ಅರಮನೆಯ ಅಳತೆ ಉಬ್ಬಿಸಿದವನು ಜಾಣ, ಕೂಲಿಯ ಲೆಕ್ಕ ಕೇಳಿದವನು ದುರಾಸೆಯವನು.

ಒಂದು ದಿನ ಹಟ ಮಾಡಿ ಕಾರು ನಿಲ್ಲಿಸಿದೆ. ಚಕ್ಕುಲಿ ಡಬ್ಬಿ ಹಿಡಿದು ಇಳಿದೆ. ಮಗಳೂ ಮಗುವನ್ನೆತ್ತಿಕೊಂಡು ಬಂದಳು. ನನಗಿಂತ ಮೂರು ನಾಲ್ಕು ವರ್ಷ ಚಿಕ್ಕವಳಿರಬೇಕು, ಒಬ್ಬ ಕಪ್ಪು ಹೆಂಗಸು ಮಡಚುವ ಕುರ್ಚಿಯಲ್ಲಿ ಕೂತು ಮೊಣಕಾಲು ನೀವಿಕೊಳ್ಳುತ್ತಿದ್ದಳು. ಚಕ್ಕುಲಿ ಮುರಿದು ಬಾಯಿಗೆ ಹಾಕಿಕೊಂಡು "ಖಾರ ಇನ್ನಷ್ಟು ಇರಬಹುದಿತ್ತು" ಎಂದಳು! ಆಮೇಲೆ ಮಾತು. ನನ್ನ ಇಂಗ್ಲಿಷು ಅರ್ಧ, ಮಗಳು ಇನ್ನರ್ಧ.

ಅವಳು ಹೇಳಿದ್ದರ ಸಾರ ಇಷ್ಟು. 32 ಡಾಲರು ಮೇಲಿನ ದರ, ಅಲ್ಲಿಗೆ ಮುಟ್ಟಲು ಎಂಟು ವರ್ಷ ಬೇಕು. 2007ರ ಒಪ್ಪಂದದಿಂದೀಚೆಗೆ ಒಂದೇ ಸಾಲಿನಲ್ಲಿ ನಿಂತು ಒಂದೇ ಕೆಲಸ ಮಾಡುವವರಿಗೆ ಎರಡು ಸಂಬಳ. ತಾತ್ಕಾಲಿಕದವರಿಗೆ ಗಂಟೆಗೆ 17 ಡಾಲರಿಗೂ ಕಡಿಮೆಯಿಂದ ಶುರು, ಮತ್ತು ಅವಳ ಮಗಳು ಅಂಥ ತಾತ್ಕಾಲಿಕದವಳು. 2009ರಲ್ಲಿ ಉದ್ಯಮವೇ ಮುಳುಗುತ್ತಿದೆ, ಉಳಿಸಿಕೊಡಿ ಎಂದಾಗ ಕಾರ್ಮಿಕರು ತುಟ್ಟಿಭತ್ಯೆ ಬಿಟ್ಟುಕೊಟ್ಟರು. ಕಂಪನಿಗಳು ಎದ್ದು ನಿಂತವು, ಭತ್ಯೆ ಮಾತ್ರ ಹಿಂದಿರುಗಲಿಲ್ಲ. ಮುಷ್ಕರದ ದಿನಗಳಲ್ಲಿ ಯೂನಿಯನ್ ನಿಧಿಯಿಂದ ವಾರಕ್ಕೆ 500 ಡಾಲರು. ಬಾಡಿಗೆಗೇ ಸಾಲದು ಎಂದಳು.

ಅವಳೊಬ್ಬಳ ಅಳಲಲ್ಲ ಅದು. ಕೋರ್ಟಿನಲ್ಲಿ ವಿಚಾರಣೆ ಶುರುವಾದದ್ದು ಅಕ್ಟೋಬರ್ 2ಕ್ಕೆ. ಎರಡೇ ದಿನದ ಮೇಲೆ ಕೈಸರ್ ಪರ್ಮನೆಂಟೆ ಆಸ್ಪತ್ರೆಗಳ 75,000ಕ್ಕೂ ಹೆಚ್ಚು ನೌಕರರು ಮೂರು ದಿನ ಕೆಲಸ ನಿಲ್ಲಿಸಿದರು. ಆ ದೇಶದ ಆಸ್ಪತ್ರೆಗಳ ಚರಿತ್ರೆಯಲ್ಲಿ ಅಷ್ಟು ದೊಡ್ಡ ಮುಷ್ಕರ ಅದುವರೆಗೆ ಆಗಿರಲಿಲ್ಲ. ಸಿನಿಮಾ ಬರಹಗಾರರು ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಬೀದಿಯಲ್ಲಿದ್ದರು, ನಟರು ಜುಲೈಯಿಂದ. ಅಲ್ಲಿಯ ಕೇಂದ್ರ ಸರ್ಕಾರ ನಿಗದಿ ಮಾಡಿದ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರು. 2009ರ ಜುಲೈಯಿಂದ ಒಂದು ಸೆಂಟೂ ಏರಿಲ್ಲ. ಟಿಪ್ಸ್ ನಂಬಿ ಊಟ ಬಡಿಸುವವರಿಗೆ ಮಾಲೀಕ ಕೊಡಬೇಕಾದ್ದು 2.13 ಡಾಲರು. ಅದು 1991ರ ದರ! ಕೆಲವು ರಾಜ್ಯಗಳು ತಾವಾಗಿ ಹೆಚ್ಚಿಸಿಕೊಂಡಿವೆ, ಎಲ್ಲ ಕಡೆಯೂ ಅಲ್ಲ. ಬಡಿಸುವವರಲ್ಲಿ ಹೆಂಗಸರೇ ಹೆಚ್ಚು ಎಂದು ಬೇರೆ ಹೇಳಬೇಕೇ?

ಸೆಪ್ಟೆಂಬರ್ 26ರ ಒಂದು ದಿನ ನೋಡಿ. ಆ ದಿನವೇ ಎಂಗೊರೋನ್ ಅವರು, ವಿಚಾರಣೆಗೆ ಮುಂಚೆಯೇ, ಆಸ್ತಿ ಪಟ್ಟಿಗಳಲ್ಲಿ ವಂಚನೆ ನಡೆದಿದೆ ಎಂದು ಆದೇಶ ಬರೆದರು. ಆ ದಿನವೇ ಅಧ್ಯಕ್ಷ ಬೈಡನ್ ನಮ್ಮ ಕ್ಯಾಂಟನ್ನಿಗೆ ಹತ್ತಿರದ ಬಿಡಿಭಾಗಗಳ ಕೇಂದ್ರವೊಂದರ ಮುಂದೆ ಮುಷ್ಕರದವರ ನಡುವೆ ಧ್ವನಿವರ್ಧಕ ಹಿಡಿದು ನಿಂತರು. ಮರುದಿನ ಟ್ರಂಪ್ ಕೂಡ ಮಿಶಿಗನ್ನಿಗೆ ಬಂದರು. ಭಾಷಣ ಮಾಡಿದ್ದು ಯೂನಿಯನ್ನೇ ಇಲ್ಲದ ಕಾರ್ಖಾನೆಯಲ್ಲಿ!

ಈ ಮನುಷ್ಯನ ಕೇಸಿನ ಬಗ್ಗೆ ಏನನ್ನಿಸುತ್ತದೆ ಎಂದು ಆ ಹೆಂಗಸನ್ನೇ ಕೇಳಿದೆ. ಸಿಟ್ಟು ಬರುತ್ತದೆಂದುಕೊಂಡಿದ್ದೆ. ಅವಳು ಭುಜ ಕುಣಿಸಿದಳು. "ಎಲ್ಲರೂ ಕದಿಯುತ್ತಾರೆ. ಇವನು ಬಚ್ಚಿಡುವುದಿಲ್ಲ, ಅಷ್ಟೇ" ಎಂದಳು. ತಾನು ಅವನಿಗೆ ವೋಟು ಹಾಕುವವಳಲ್ಲ, ಆದರೆ ತನ್ನ ಸಾಲಿನಲ್ಲಿ ಅರ್ಧ ಜನ ಹಾಕುತ್ತಾರೆ ಎಂದೂ ಹೇಳಿದಳು.

ಆ ಭುಜ ಕುಣಿಸಿದ್ದು ನನ್ನನ್ನು ಕಾಡಿದಷ್ಟು ಕೋರ್ಟಿನ ಯಾವ ಸಾಕ್ಷಿಯೂ ಕಾಡಲಿಲ್ಲ. ಟಿವಿಯ ಜಾಣರು ಸಂಜೆಯಿಡೀ ಲೆಕ್ಕ ಹಾಕುತ್ತಿದ್ದರು. ಈ ಕೇಸಿನಲ್ಲಿ ಸೋತರೆ ಆತ ಮುಗಿದ ಹಾಗೇ ಅಂತೆ. ಹದಿನಾಲ್ಕು ವರ್ಷದಿಂದ ಏರದ ಕೂಲಿಗೆ ಕೋರ್ಟಿನ ತೀರ್ಪು ಉತ್ತರವಾಗುತ್ತದೆಯೇ? ಕಂತಿನ ಚಿಂತೆಯಲ್ಲಿರುವವಳಿಗೆ ಮೂವತ್ತು ಸಾವಿರ ಚದರಡಿಯೂ ಒಂದೇ, ಹತ್ತು ಸಾವಿರವೂ ಒಂದೇ. ಎರಡೂ ಅವಳಿಗೆ ಎಟುಕದ ಎತ್ತರದಲ್ಲಿವೆ. ಅವಳನ್ನು ದಡ್ಡಿ ಎನ್ನುವವರ ಮೇಲೆ ನನಗೆ ಸಿಟ್ಟು. ಅವಳ ಹೊಟ್ಟೆಯುರಿಯನ್ನು ಬಂಡವಾಳ ಮಾಡಿಕೊಂಡು ನಾನೂ ನಿಮ್ಮವನೇ ಎನ್ನುವವನ ಮೇಲೆ ಇನ್ನೂ ಸಿಟ್ಟು.

ನಿಮ್ಮವನು ಹೇಗೆ? ಆ ಮೂರಂತಸ್ತಿನ ಮನೆಯಿಂದ ಕೆಳಗಿಳಿದು ಪಾಯದವರೆಗೂ ಬನ್ನಿ. ಟ್ರಂಪ್ ಟವರ್ ಕಟ್ಟುವ ಮುಂಚೆ ಅಲ್ಲಿ ಬಾನ್‌ವಿಟ್ ಟೆಲ್ಲರ್ ಎಂಬ ಹಳೆಯ ಅಂಗಡಿಯ ಕಟ್ಟಡವಿತ್ತು. 1980ರಲ್ಲಿ ಅದನ್ನು ಕೆಡವಿದವರು ಪೋಲೆಂಡಿನಿಂದ ಬಂದ, ಸರಿಯಾದ ಕಾಗದಪತ್ರವಿಲ್ಲದ ಕೂಲಿಗಳು. ದಿನಕ್ಕೆ ಹನ್ನೆರಡು ಗಂಟೆ ಕೆಲಸ, ಗಂಟೆಗೆ ನಾಲ್ಕೈದು ಡಾಲರು, ಅನೇಕರ ತಲೆಗೆ ಹೆಲ್ಮೆಟ್ಟೂ ಇಲ್ಲ. ಯೂನಿಯನ್ನಿನ ಕ್ಷೇಮನಿಧಿಗೆ ಸೇರಬೇಕಿದ್ದ ಹಣಕ್ಕಾಗಿ 1983ರಲ್ಲಿ ಕೇಸಾಯಿತು. ತನಗೆ ಗೊತ್ತೇ ಇರಲಿಲ್ಲವೆಂದರು ಮಾಲೀಕರು. ಗೊತ್ತಿತ್ತು ಎಂದು 1991ರಲ್ಲಿ ನ್ಯಾಯಾಧೀಶರು ತೀರ್ಮಾನಿಸಿದರು. 1998ರಲ್ಲಿ 13.75 ಲಕ್ಷ ಡಾಲರಿಗೆ ಸದ್ದಿಲ್ಲದೆ ರಾಜಿಯಾಯಿತು. ಆ ಮೊತ್ತ ಹೊರಬಂದದ್ದು 2017ರಲ್ಲಿ. ಅಷ್ಟರಲ್ಲಿ ಆತ ಅಧ್ಯಕ್ಷರಾಗಿದ್ದರು.

ಕೆಳಗೆ ಅಗೆದವನ ಗಂಟೆ ಕಡಿಮೆ ಬರೆದುಕೊಂಡದ್ದೂ, ಮೇಲಿನ ಮನೆಯ ಅಡಿ ಹೆಚ್ಚು ಬರೆದದ್ದೂ ಒಂದೇ ಕಟ್ಟಡದಲ್ಲಿ. ಯಾರಿಗೂ ನಷ್ಟವಾಗಿಲ್ಲವಂತೆ!

ಮುಷ್ಕರ ಅಕ್ಟೋಬರ್ ಕೊನೆಗೆ ಮುಗಿಯಿತು. 2028ರ ಹೊತ್ತಿಗೆ ಶೇಕಡಾ 25 ಏರಿಕೆ, ತುಟ್ಟಿಭತ್ಯೆ ವಾಪಸು, ಎಂಟು ವರ್ಷದ ಜಾಗದಲ್ಲಿ ಮೂರು. ಬೀದಿಯಲ್ಲಿ ನಿಂತು ಪಡೆದದ್ದು. ಕೋರ್ಟಿನ ಹಾದಿ ಬೇರೆ ಹಿಡಿಯಿತು. 2024ರ ಫೆಬ್ರುವರಿ 16ರಂದು ಸುಮಾರು 35.5 ಕೋಟಿ ಡಾಲರ್ ಕಟ್ಟಬೇಕೆಂದು ತೀರ್ಪಾಯಿತು, ಬಡ್ಡಿ ಸೇರಿ 45 ಕೋಟಿ ದಾಟಿತು. ನವೆಂಬರಿನಲ್ಲಿ ಆತ ಚುನಾವಣೆ ಗೆದ್ದರು, ಮಿಶಿಗನ್ನೂ ಅವರಿಗೇ ಹೋಯಿತು. 2025ರ ಜನವರಿಯಲ್ಲಿ ಅಧಿಕಾರಕ್ಕೆ ಬಂದ ಒಂದು ವಾರಕ್ಕೇ ರಾಷ್ಟ್ರೀಯ ಕಾರ್ಮಿಕ ಸಂಬಂಧ ಮಂಡಳಿಯ ಸದಸ್ಯೆ ಗ್ವಿನ್ ವಿಲ್ಕಾಕ್ಸ್ ಅವರನ್ನು ಕಿತ್ತುಹಾಕಿದರು. ಆ ಮಂಡಳಿಗೆ ಬಂದ ಮೊದಲ ಕಪ್ಪು ಮಹಿಳೆ ಆಕೆ. ಕೋರಂ ತಪ್ಪಿ, ಕಾರ್ಮಿಕರ ಅಹವಾಲು ಕೇಳಬೇಕಾದ ಮಂಡಳಿ ತಿಂಗಳುಗಟ್ಟಲೆ ತೀರ್ಪು ಕೊಡಲಾರದೆ ಕೂತಿತು. ಆಗಸ್ಟ್ 21ರಂದು ನ್ಯೂಯಾರ್ಕಿನ ಮೇಲ್ಮನವಿ ಕೋರ್ಟು, ದಂಡ ಅತಿಯಾಯಿತು, ಸಂವಿಧಾನ ಅದನ್ನು ಒಪ್ಪದು ಎಂದು ಅಷ್ಟೂ ಹಣವನ್ನು ಹೊಡೆದುಹಾಕಿತು. ವಂಚನೆ ನಡೆದಿದೆ ಎಂಬ ತೀರ್ಮಾನವನ್ನು ಮಾತ್ರ ಅಳಿಸಲಿಲ್ಲ. ದಂಡ ಹೆಚ್ಚೋ ಕಡಿಮೆಯೋ ಕಾನೂನು ಬಲ್ಲವರು ಹೇಳಲಿ, ನನ್ನ ತಕರಾರು ಅದಲ್ಲ.

ಅಂದು ರಾತ್ರಿ ಮಗಳ ಫೋನು. ಆ ಗೆಳೆಯ ಅವರ ಗುಂಪಿಗೆಲ್ಲ ಸಂದೇಶ ಕಳಿಸಿದ್ದನಂತೆ, "ಆಂಟಿಗೆ ಹೇಳಿ, ನಾನು ಅವತ್ತೇ ಹೇಳಿರಲಿಲ್ಲವಾ" ಎಂದು.

"ಅವನ ಮನೆಯ ನೆಲಮಾಳಿಗೆಯನ್ನು ಬ್ಯಾಂಕಿನವರು ಈಗಲಾದರೂ ಲೆಕ್ಕಕ್ಕೆ ಸೇರಿಸಿಕೊಂಡರಾ ಕೇಳು" ಎಂದೆ.

ಮಗಳು ಕೇಳಿದ್ದಾಳೆ. ಅವನಿನ್ನೂ ಉತ್ತರ ಬರೆದಿಲ್ಲ.