ಹುಬ್ಬಿಗೆ ಬ್ಲೇಡಾ? ಬೇಡ ಗುರುವೇ!

ಈ ವಾರ ಬಂದ ಕಾಗದಗಳಲ್ಲಿ ಒಂದನ್ನು ಓದಿ ಎದೆ ಧಸಕ್ಕೆಂದಿತು. 'ಸಾರ್, ನನ್ನದು ಕೂಡುಹುಬ್ಬು. ಮುಂದಿನ ತಿಂಗಳು ಹೆಣ್ಣು ನೋಡೋಕೆ ಹೋಗ್ಬೇಕು. ಮಧ್ಯೆ ಬ್ಲೇಡ್ ಹಾಕ್ಲಾ?'

ಬೇಡ ಮಾರಾಯರೇ, ಕೈ ಮುಗೀತೀನಿ! ನಾನು ಹಾಕಿ ಕೆಟ್ಟವನು.

ಪಿ.ಯು.ಸಿ. ಎರಡನೇ ವರ್ಷ. ತಲೆಗೆ ಹೀರೋ ಆಗುವ ಹುಚ್ಚು. ಪರೀಕ್ಷೆ ಫೀಸಿಗೆಂದು ಅಮ್ಮ ಕೊಟ್ಟ ದುಡ್ಡು ಜೇಬಲ್ಲಿತ್ತು. ಅದರಲ್ಲೇ ಸ್ಟುಡಿಯೋಗೆ ಹೋಗಿ ಸ್ಟೈಲಾಗಿ ಫೋಟೋ ತೆಗೆಸುವುದೆಂದು ತೀರ್ಮಾನಿಸಿದೆ. ಹಿಂದಿನ ರಾತ್ರಿ ಬಚ್ಚಲುಮನೆಯ ಮಂಕು ಬಲ್ಬಿನ ಕೆಳಗೆ ಅಪ್ಪನ ರೇಜರ್ ಹಿಡಿದೆ. ಎಡಹುಬ್ಬಿನಲ್ಲಿ ಚೂರು ಜಾಸ್ತಿ ಹೋಯಿತು. ಸರಿದೂಗಿಸಲು ಬಲಕ್ಕೆ ಕೈ ಹಾಕಿದೆ. ಮತ್ತೆ ಎಡಕ್ಕೆ... ಬೆಕ್ಕುಗಳಿಗೆ ಕೋತಿ ಬೆಣ್ಣೆ ಹಂಚಿದ ಕತೆ! ಬೆಳಗ್ಗೆ ಅಮ್ಮ ನನ್ನ ಮುಖ ನೋಡಿದಳು. ಬೈಯಲಿಲ್ಲ. ಕಾಡಿಗೆ ಡಬ್ಬಿ ತಂದು ಬೆರಳ ತುದಿಯಲ್ಲಿ ಎರಡು ಹುಬ್ಬು ಬರೆದು, 'ಈಗ ಹೋಗು, ಕಾಲೇಜಿಗೆ ತಡ ಆಗುತ್ತೆ' ಅಂದಳು. ಫೀಸಿನ ವಿಷಯ ಅವಳಿಗೆ ಇನ್ನೂ ಗೊತ್ತಿರಲಿಲ್ಲ.

ಫೋಟೋ ತೆಗೆಸಿದೆ. ಯಾವ ನಿರ್ದೇಶಕರಿಗೂ ಕಳಿಸಲಿಲ್ಲ. ಪರೀಕ್ಷೆಗೂ ಕೂರಲಿಲ್ಲ.

ಇರಲಿ, ವಿಷಯಕ್ಕೆ ಬರೋಣ. ತಲೆಗೂದಲು ವರ್ಷಗಟ್ಟಲೆ ಬೆಳೆಯುತ್ತಲೇ ಇರುತ್ತೆ. ಹುಬ್ಬಿನದ್ದು ಕೆಲವು ವಾರ ಬೆಳೆದು ನಿಂತುಬಿಡುತ್ತೆ. ಹೋದದ್ದು ಪೂರಾ ತುಂಬಲು ಮೂರು ನಾಲ್ಕು ತಿಂಗಳಾದರೂ ಬೇಕು. ಪದೇ ಪದೇ ಕಿತ್ತರೆ ಕೆಲವು ಬರುವುದೇ ಇಲ್ಲ. ಬೋಳಿಸಿದರೆ ದಟ್ಟವಾಗುತ್ತೆ ಅನ್ನೋದು ಶುದ್ಧ ಬುರುಡೆ. ಕತ್ತರಿಸಿದ ತುದಿ ಮೊಂಡಾಗಿ ಹಾಗೆ ಕಾಣುತ್ತೆ, ಅಷ್ಟೆ.

ಬ್ಲೇಡಿನ ಬದಲು ಚಿಮುಟ ತನ್ನಿ, ಸ್ಪಿರಿಟ್‌ನಲ್ಲಿ ಒರೆಸಿ. ಬಿಸಿನೀರ ಸ್ನಾನ ಮುಗಿಸಿ ಹಗಲು ಬೆಳಕಲ್ಲಿ ಕನ್ನಡಿ ಮುಂದೆ ನಿಲ್ಲಿ. ಮೂಗಿನ ಹೊಳ್ಳೆಯ ಪಕ್ಕ ಪೆನ್ಸಿಲನ್ನು ನೆಟ್ಟಗೆ ಹಿಡಿದರೆ ಅದು ಕಣ್ಣಿನ ಒಳಮೂಲೆ ಹಾದು ಹುಬ್ಬು ಮುಟ್ಟುತ್ತೆ. ಹುಬ್ಬಿನ ಗಡಿ ಅಲ್ಲಿಗೆ. ಆ ಕಡೆ ಈ ಕಡೆಯ ಗಡಿಗಳ ನಡುವೆ ಇರೋದನ್ನು ಮಾತ್ರ, ಕೂದಲು ಬೆಳೆದ ದಿಕ್ಕಿಗೇ, ಒಂದೊಂದಾಗಿ ಕೀಳಿ. ಗಂಡಸರಾದ ನಾವು ಗಡಿಯಿಂದ ಎರಡೆಳೆ ಹೆಚ್ಚೇ ಬಿಡೋದು ವಾಸಿ. ಕೆಳಗೆ ರೆಪ್ಪೆ ಕಡೆ ಒಂಟಿಯಾಗಿ ನಿಂತದ್ದನ್ನು ತೆಗೆಯಬಹುದು. ಮೇಲ್ಗಡೆಗೆ ಕೈ ಹಾಕಬೇಡಿ. ಉದ್ದ ಕೂದಲಿದ್ದರೆ ಹಳೇ ಟೂತ್‌ಬ್ರಷ್‌ನಿಂದ ಮೇಲಕ್ಕೆ ಬಾಚಿ, ಹುಬ್ಬು ದಾಟಿದ ತುದಿಯನ್ನಷ್ಟೇ ಸಣ್ಣ ಕತ್ತರಿಯಲ್ಲಿ ಕತ್ತರಿಸಿ. ನಾಲ್ಕು ಎಳೆಗೊಮ್ಮೆ ಎರಡು ಹೆಜ್ಜೆ ಹಿಂದೆ ಸರಿದು ನೋಡಿಕೊಳ್ಳಿ. ನಾನು ಮಾಡದೆ ಹಾಳಾದದ್ದು ಇದನ್ನೇ!

ಕೆಂಪಾದರೆ ತಣ್ಣೀರ ಬಟ್ಟೆ ಸಾಕು. ಹೆಣ್ಣು ನೋಡೋ ದಿನಕ್ಕೆ ಮೂರು ದಿನ ಮುಂಚೆ ಮುಗಿಸಿ, ಅದೇ ಬೆಳಗ್ಗೆ ಅಲ್ಲ.

ಇನ್ನು, ವಜ್ರಮುನಿ ಥರ ಹುಬ್ಬು ಬೇಕು ಅಂತ ಬರೆಯೋ ಗೆಳೆಯರಿಗೆ ಒಂದು ಮಾತು. 'ಸಂಪತ್ತಿಗೆ ಸವಾಲ್' (1974) ಮತ್ತೆ ನೋಡಿ. ನಮ್ಮನ್ನು ನಡುಗಿಸೋದು ಕೂದಲಲ್ಲ, ಅದನ್ನು ಎತ್ತೋ ಹಣೆಯ ಸ್ನಾಯು. ಅದು ಚಿಮುಟದಿಂದ ಬರೋಲ್ಲ.

ಕೂಡುಹುಬ್ಬಿನ ಗೆಳೆಯರೇ, ಹುಡುಗಿ ಏನಂದಳು ಅಂತ ಕಾಗದ ಹಾಕಿ. ರೇಜರ್ ಮಾತ್ರ ಗಡ್ಡಕ್ಕೇ ಇರಲಿ.